ನೀಲಿ ಲೇಬಲ್ಲಿನ ಹಾಡು

ಬರ್ಮಿಂಗ್‌ಹ್ಯಾಮ್ ಹತ್ತಿರದ ಟಿವಿಡೇಲಿನ ಬಾಲಾಜಿ ದೇವಸ್ಥಾನದ ಊಟದ ಹಾಲಿನಲ್ಲಿ ಎರಡು ತಟ್ಟೆ ಪುಳಿಯೋಗರೆ ಹಿಡಿದು ಮಾಳವಿಕಾ ತಿರುಗಿ ನೋಡಿದಾಗ, ಯಾರೋ ಒಬ್ಬ ಅವಳ ಅಮ್ಮನ ಕಿವಿಯ ಹತ್ತಿರ ಫೋನು ಹಿಡಿದು ನಿಂತಿದ್ದ.

ಅಮ್ಮನ ಮುಖ ಬಿಳಿಚಿಕೊಂಡಿತ್ತು. ಕೈಯಲ್ಲಿದ್ದ ಲೋಟ ವಾಲಿ ಮಜ್ಜಿಗೆ ಸೀರೆಯ ನೆರಿಗೆ ಮೇಲೆ ಸುರಿಯುತ್ತಿದ್ದರೂ ಅವರಿಗೆ ಗೊತ್ತಾಗಿರಲಿಲ್ಲ.

"ಎಕ್ಸ್‌ಕ್ಯೂಸ್ ಮಿ! ಏನ್ ಮಾಡ್ತಾ ಇದೀರಿ ನಮ್ಮಮ್ಮಂಗೆ?"

ಅವನು ಬೆಚ್ಚಿ ಫೋನನ್ನು ಎದೆಗೆ ಒತ್ತಿಕೊಂಡ. ಮೂವತ್ತು ದಾಟಿದ ವಯಸ್ಸು, ಮೊಣಕೈ ಸವೆದ ಸ್ವೆಟರು, ನಿದ್ದೆ ಸಾಲದ ಕಣ್ಣು. "ಸಾರಿ. ಒಂದು ಹಾಡು ಕೇಳಿಸ್ತಾ ಇದ್ದೆ ಅಷ್ಟೇ. ನಾನು ಯಶಸ್ ಅಂತ. ಇಲ್ಲೇ ಯೂನಿವರ್ಸಿಟೀಲಿ ಪಿಎಚ್‌ಡಿ ಮಾಡ್ತಿದೀನಿ. ಹಳೇ ಪಾಪ್ ರೆಕಾರ್ಡುಗಳ ಮೇಲೆ. ಎಂಬತ್ತೆರಡರ ಒಂದು ಹಾಡಲ್ಲಿ ಕನ್ನಡದ ಧ್ವನಿ ಇದೆ. ಇಲ್ಲಿರೋ ಹಿರಿಯರಿಗೆ ಯಾರಿಗಾದ್ರೂ ಗೊತ್ತಿರಬಹುದಾ ಅಂತ..."

"ಅಮ್ಮಂಗೆ ಅರವತ್ತೇಳು. ಬಿಪಿ ಇದೆ. ನಾನೇ ಡಾಕ್ಟರು. ದಯವಿಟ್ಟು ಆ ಕಡೆ ಹೋಗಿ."

ಅವನು ಎರಡು ಹೆಜ್ಜೆ ಹಿಂದೆ ಸರಿದ. ಆದರೂ ಅವನ ಕಣ್ಣು ಅಮ್ಮನ ಮೇಲೇ ಇತ್ತು. ಮೆಲ್ಲನೆ ಕೇಳಿಯೇಬಿಟ್ಟ. "ಆಂಟಿ, ಈ ಧ್ವನಿ ಗೊತ್ತಾ ನಿಮಗೆ?"

"ಇಲ್ಲ," ಎಂದರು ಲೀಲಾವತಿ. "ಗೊತ್ತಿಲ್ಲ. ನಡಿ ಮಾಳು, ಮನೆಗೆ ಹೋಗೋಣ."

ಸಟನ್ ಕೋಲ್ಡ್‌ಫೀಲ್ಡಿನ ಮನೆ ಸೇರುವ ತನಕ ಕಾರಿನಲ್ಲಿ ಒಂದು ಮಾತಿಲ್ಲ. ಪ್ರತಿ ಸ್ಪೀಡ್ ಕ್ಯಾಮೆರಾ ಬಂದಾಗಲೂ ಮಗಳನ್ನು ಎಚ್ಚರಿಸುವ ಅಮ್ಮ ಅಂದು ಕಿಟಕಿಯ ಕಡೆ ಮುಖ ಮಾಡಿ ಕೂತುಬಿಟ್ಟಿದ್ದರು. ಆಮೇಲೆ ಮೂರು ದಿನ ಅವರ ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ ಉಳಿಯಿತು. ಅಪ್ಪ ಡಾಕ್ಟರ್ ಇಂದುಶೇಖರ ತೀರಿಕೊಂಡು ಎರಡು ವರ್ಷವಾಗಿತ್ತು. ಆಗ ಕೂಡ ಅಮ್ಮ ಹೀಗೆ ಮೌನವಾಗಿರಲಿಲ್ಲ.

ಫೋನಿನ ಪರದೆ ಮೇಲೆ ಕಂಡದ್ದು ಮಾಳವಿಕಾಳ ಮನಸ್ಸಿನಲ್ಲಿ ಉಳಿದಿತ್ತು. ನೀಲಿ ಲೇಬಲ್ಲಿನ ಪುಟ್ಟ ರೆಕಾರ್ಡು, ಅದರ ಮೇಲೆ 'ಟಿನ್ ಕ್ಯಾಲೆಂಡರ್' ಎಂಬ ಬ್ಯಾಂಡಿನ ಹೆಸರು. ಹುಡುಕಿದಾಗ ಯಶಸ್‌ನ ಪುಟ ಸಿಕ್ಕಿತು. ಬರ್ಮಿಂಗ್‌ಹ್ಯಾಮ್, ಕವೆಂಟ್ರಿ ಸುತ್ತಮುತ್ತ ಎಪ್ಪತ್ತೆಂಟರಿಂದ ಎಂಬತ್ತನಾಲ್ಕರ ತನಕ ಹೊರಬಂದ ರಾಕ್ ಮತ್ತು ಪಾಪ್ ರೆಕಾರ್ಡುಗಳ ಪಟ್ಟಿ ಅದು. ಬಿಡುಗಡೆಯ ತಾರೀಖು, ಬ್ಯಾಂಡು, ಎಷ್ಟನೇ ಮುದ್ರಣ, ಎಲ್ಲವನ್ನೂ ಒಬ್ಬ ಹುಚ್ಚನ ಶ್ರದ್ಧೆಯಿಂದ ಬರೆದಿಟ್ಟಿದ್ದ. ಶನಿವಾರ ಲೆಮಿಂಗ್ಟನ್ ಸ್ಪಾ ಎಂಬ ಊರಿನ ಒಂದು ರೆಕಾರ್ಡ್ ಅಂಗಡಿಯಲ್ಲಿ ಸಿಗುತ್ತೇನೆ ಎಂದೂ ಬರೆದಿತ್ತು.

ಮುಂದಿನ ಶನಿವಾರ ಅವಳು ಅಲ್ಲಿಗೆ ಕಾರು ಓಡಿಸಿದಳು. ಬೈದು ಬರುವುದಕ್ಕೇ ಹೋಗುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು.

ಅವಳು ಒಳಗೆ ಕಾಲಿಡುತ್ತಲೇ ಯಶಸ್ ಎರಡೂ ಕೈ ಮೇಲೆತ್ತಿದ. "ಫೋನು ಜೇಬಲ್ಲೇ ಇದೆ. ಬೇಕಿದ್ರೆ ಚೆಕ್ ಮಾಡಿ."

ನಗಬಾರದು ಎಂದುಕೊಂಡಳು. ತುಟಿಯ ಒಂದು ಕೊನೆ ಮಾತು ಕೇಳಲಿಲ್ಲ. ಅವನು ಅದನ್ನು ನೋಡಿದ, ನೋಡಿದ್ದನ್ನು ಅವಳೂ ನೋಡಿದಳು.

"ಆ ಹಾಡು ಕೇಳಬೇಕು ನಾನು," ಎಂದಳು ಬಿಗಿಯಾಗಿ.

ಅವನು ರೆಕಾರ್ಡನ್ನು ಕವರಿನಿಂದ ತೆಗೆದ. ಬೆರಳು ಅಂಚಿಗೆ ಮಾತ್ರ ತಾಗುವಂತೆ, ಆಗಷ್ಟೇ ಹುಟ್ಟಿದ್ದನ್ನು ಎತ್ತಿಕೊಳ್ಳುವ ಹಾಗೆ ಹಿಡಿದ. ಹಾಡಿನ ಹೆಸರು 'ಸ್ನೋ ಆನ್ ದ ಇಲೆವೆನ್'. ಊರನ್ನೆಲ್ಲ ಸುತ್ತುವ ಹನ್ನೊಂದನೇ ನಂಬರಿನ ಬಸ್ಸು ಹಿಮದಲ್ಲಿ ಸಿಕ್ಕಿಕೊಂಡ ಕಥೆ. ಮೊದಲು ಗಿಟಾರು, ಬಸ್ಸಿನ ವೈಪರಿನಂತೆ ಅತ್ತಿಂದಿತ್ತ ಓಡಾಡುವ ಡ್ರಮ್ಮು, ಹುಡುಗನೊಬ್ಬನ ಒರಟು ದನಿ. ಆಮೇಲೆ ಎಲ್ಲವೂ ತಗ್ಗಿ, ಒಂದು ಹೆಣ್ಣು ದನಿ ತೇಲಿ ಬಂತು.

*ಗಡಿಬಿಡಿ ಯಾಕೋ ಗುಬ್ಬಿಮರಿ,*
*ಹೊರಗೆ ಇನ್ನೂ ಬಿಳೀ ಚಳಿ...*

"ಇಲ್ಲಿನ ಪತ್ರಿಕೆಗಳು ಇದನ್ನ ಅರ್ಥವಿಲ್ಲದ ಚಂದದ ಶಬ್ದ ಅಂತ ಬರೆದ್ವು," ಎಂದ ಯಶಸ್. "ನಲವತ್ತು ವರ್ಷದಿಂದ ಎಲ್ಲರೂ ಹಾಗೇ ಅಂದ್ಕೊಂಡಿದಾರೆ. ನಾನು ಮೊದಲ ಸಲ ಕೇಳಿದಾಗ ಈ ಸ್ಟೂಲ್ ಮೇಲೇ ಕೂತು ಅತ್ತುಬಿಟ್ಟೆ. ಮೈಸೂರಿಂದ ಯಾರೋ ಹೆಸರು ಹಿಡಿದು ಕರೆದ ಹಾಗಾಯ್ತು. ಕವರಲ್ಲಿ ಹಾಡಿದವರ ಹೆಸರಿಲ್ಲ. 'ಮೇಲಿನ ಮನೆಯ ಲಿಲಿಗೆ ಥ್ಯಾಂಕ್ಸ್' ಅಂತ ಮಾತ್ರ ಇದೆ."

ಮಾಳವಿಕಾಗೆ ಆ 'ಬಿಳೀ ಚಳಿ' ಗೊತ್ತಿತ್ತು. ಹಿಮ ಬಿದ್ದ ಪ್ರತಿ ದಿನ, ಸ್ಕೂಲಿಗೆ ಹೊರಟವಳ ಬೆನ್ನ ಹಿಂದೆ ಅಮ್ಮ ಹೇಳುತ್ತಿದ್ದ ಮಾತು ಅದು. ಕೋಟು ಹಾಕ್ಕೋ ಮಾಳು, ಹೊರಗೆ ಬಿಳೀ ಚಳಿ ಇದೆ. ಬೇರೆ ಯಾವ ಕನ್ನಡದವರ ಬಾಯಲ್ಲೂ ಅವಳು ಅದನ್ನು ಕೇಳಿರಲಿಲ್ಲ.

ಆದರೆ ಅಮ್ಮ ಹಾಡುವುದಿಲ್ಲ. ಕನ್ನಡ ಸಂಘದ ಭಜನೆಯಲ್ಲಿ ಕೂಡ ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ಮಾತ್ರ ತಟ್ಟುತ್ತಾರೆ. ಮಗಳನ್ನು ಮಲಗಿಸುವಾಗಲೂ ಕಥೆ ಹೇಳುತ್ತಿದ್ದರೇ ಹೊರತು ಒಂದು ಸಾಲು ಗುನುಗಿದ್ದಿಲ್ಲ.

ಹಾಡು ಮುಗಿಯುವ ಮೊದಲೇ ಅವಳು ಹೊರಗೆ ಬಂದುಬಿಟ್ಟಳು. ಹೊಳೆಯ ಪಕ್ಕದ ಪಾರ್ಕಿನ ಬೆಂಚಿನ ಮೇಲೆ ಕೂತಿದ್ದಾಗ ಯಶಸ್ ಬಂದ. ಎರಡು ಕಾಗದದ ಲೋಟಗಳಲ್ಲಿ ಟೀ ಇಟ್ಟು, ಬೆಂಚಿನ ಆ ತುದಿಗೆ ಕೂತ.

"ಅದು ನಮ್ಮಮ್ಮ," ಎಂದಳು.

ಅವನು ಎತ್ತಿದ್ದ ಲೋಟವನ್ನು ಕೆಳಗಿಟ್ಟ.

"ಯಾಕೆ ಮುಚ್ಚಿಟ್ರೋ ಗೊತ್ತಿಲ್ಲ. ಅವರಾಗೇ ಹೇಳೋ ತನಕ ಯಾರಿಗೂ ಹೇಳ್ಬೇಡಿ."

"ಹೇಳಲ್ಲ."

"ಬರೆಯೋದೂ ಕೂಡದು."

ಅವನು ನೀರಿನಲ್ಲಿ ಹೋಗುತ್ತಿದ್ದ ಬಾತುಗಳನ್ನು ನೋಡಿದ. ಆಮೇಲೆ ಅವಳ ಕಡೆ ತಿರುಗಿದ. "ಬರೆಯೋದೂ ಇಲ್ಲ."

*

ಆ ಬೇಸಿಗೆಯ ಶನಿವಾರಗಳೆಲ್ಲ ಆ ಬೆಂಚಿನವಾದವು.

ಮೊದಮೊದಲು ಹಾಡಿನ ಮಾತು. ಬ್ಯಾಂಡಿನವರಲ್ಲಿ ಇಬ್ಬರು ತೀರಿಕೊಂಡಿದ್ದರು, ಉಳಿದವನೊಬ್ಬ ನ್ಯೂಜಿಲೆಂಡಿನಲ್ಲಿದ್ದ, ಕಾಗದಕ್ಕೆ ಉತ್ತರ ಬರೆಯುತ್ತಿರಲಿಲ್ಲ. ಆಮೇಲೆ ಮಾತು ಬೇರೆ ಕಡೆ ಹೊರಳಿತು. ಅವಳ ಕ್ಲಿನಿಕ್ಕಿನ ಡ್ಯೂಟಿ ಪಟ್ಟಿ, ಅವನ ಬಾಡಿಗೆ ರೂಮಿನ ಸೋರುವ ಕಿಟಕಿ, ಇಬ್ಬರಿಗೂ ಇಷ್ಟವಾದ ಹಸಿಮೆಣಸಿನಕಾಯಿ ಗೊಜ್ಜು.

"ನೀವು ಕನ್ನಡ ಮಾತಾಡಿದ್ರೆ ನಮ್ಮಜ್ಜಿ ಮಾತಾಡಿದ ಹಾಗಿರುತ್ತೆ," ಎಂದ ಒಂದು ದಿನ.

"ಅಂದ್ರೆ?"

"ಈಗ ಟಾಕೀಸು ಅಂದ್ರಿ. ಟಾಕೀಸಿಗೆ ಹೋಗೋಣ್ವಾ ಅಂದ್ರಿ. ಮೈಸೂರಲ್ಲಿ ಯಾರೂ ಆ ಮಾತು ಆಡಿ ಮೂವತ್ತು ವರ್ಷ ಆಗಿರಬೇಕು."

"ನಮ್ಮನೇಲಿ ಹಾಗೇ ಅಂತಾರೆ. ಅಪ್ಪ ಅಮ್ಮ ಊರು ಬಿಟ್ಟಾಗ ಯಾವ ಕನ್ನಡ ತಂದ್ರೋ ಅದೇ ನಂದು. ನಗ್ಬೇಡಿ!"

"ನಗ್ತಿಲ್ಲ. ಇನ್ನೊಂದು ಸಲ ಹೇಳಿ."

"ಟಾಕೀಸು."

ಅವನು ಕಣ್ಣು ಮುಚ್ಚಿ ಕೇಳಿದ. ಕಣ್ಣು ತೆರೆದಾಗ ಆ ನೋಟದಲ್ಲಿ ತಮಾಷೆ ಇರಲಿಲ್ಲ. ಮೂವತ್ತಾರು ವರ್ಷದ ಡಾಕ್ಟರು ಹದಿನಾರರವಳಂತೆ ಟೀ ಲೋಟದ ಮುಚ್ಚಳದೊಂದಿಗೆ ಆಡತೊಡಗಿದಳು.

ಜುಲೈ ಹೊತ್ತಿಗೆ 'ನೀವು' ಹೋಗಿ 'ನೀನು' ಬಂತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನು ಅವಳಿಗೆ ರೆಕಾರ್ಡು ಹಿಡಿಯುವುದನ್ನು ಕಲಿಸಿದ. ಹೆಬ್ಬೆರಳು ಇಲ್ಲಿ, ಉಳಿದ ಬೆರಳು ಕೆಳಗೆ. ಅವಳ ಕೈ ಸರಿಯಾಗಿ ಕೂತ ಮೇಲೂ ಅವನ ಕೈ ಅಲ್ಲೇ ಉಳಿಯಿತು. ಅವಳು ತಲೆಯನ್ನು ಅವನ ಭುಜಕ್ಕೆ ಒರಗಿಸಿದಳು. ಇಬ್ಬರ ನಡುವೆ ಸಿಕ್ಕಿದ ರೆಕಾರ್ಡಿಗೆ ಏಟಾಗಬಾರದೆಂದು ಇಬ್ಬರೂ ಅಲುಗಾಡದೆ ನಿಂತಿದ್ದರು.

ಆದರೆ ಮನೆಗೆ ಮರಳುವ ದಾರಿಯಲ್ಲಿ ಒಂದು ಪ್ರಶ್ನೆ ಅವಳ ಜೊತೆ ಕಾರಿನಲ್ಲಿ ಕೂತು ಬರುತ್ತಿತ್ತು. ಅವನು ಕಾಯುತ್ತಿರುವುದು ನನಗಾಗಿಯೋ, ಅಮ್ಮನಿಗಾಗಿಯೋ?

ಒಮ್ಮೆ ತಮಾಷೆಯ ದನಿಯಲ್ಲೇ ಕೇಳಿದಳು. "ಆ ಹಾಡು ಬೇರೆ ಯಾರದೋ ಆಗಿದ್ರೆ ಈ ಬೆಂಚಿಗೆ ಬರ್ತಿದ್ಯಾ?"

ಅವನು ನಗಲಿಲ್ಲ. "ಮ್ಯೂಸಿಯಂನವರು ಶರತ್ಕಾಲದಲ್ಲಿ ಈ ರೆಕಾರ್ಡುಗಳ ಪ್ರದರ್ಶನ ಮಾಡ್ತಿದಾರೆ, ಗೊತ್ತಲ್ಲ. ಅದು ಚೆನ್ನಾಗಾದ್ರೆ ನಂಗೆ ಅಲ್ಲೇ ಕೆಲಸ. ಇಲ್ದಿದ್ರೆ ಜನವರಿಗೆ ವೀಸಾ ಮುಗಿಯುತ್ತೆ. ಎಲ್ಲರಿಗೂ ಬೇಕಾಗಿರೋದು ಆ ಒಂದು ಹೆಸರು. ದಿನಾ ಕೇಳ್ತಾರೆ. ದಿನಾ ಇಲ್ಲ ಅಂತೀನಿ."

"ನಾನು ಕೇಳಿದ್ದು ಅದಲ್ಲ."

"ಗೊತ್ತು," ಎಂದ. ಅಷ್ಟರಲ್ಲಿ ಮಳೆ ಹನಿಯಿತು. ಇಬ್ಬರೂ ಎದ್ದರು. ಅವನು ಹೇಳಬೇಕಾದದ್ದು ಹಾಗೇ ಉಳಿಯಿತು.

*

ಸೆಪ್ಟೆಂಬರಿನ ಒಂದು ಸೋಮವಾರ, ಇಬ್ಬರು ಪೇಷೆಂಟುಗಳ ನಡುವಿನ ಎರಡು ನಿಮಿಷದಲ್ಲಿ ಮಾಳವಿಕಾಳ ಫೋನು ಹೊಡೆದುಕೊಂಡಿತು. ಸಂಘದ ದಾಕ್ಷಾಯಣಿ ಆಂಟಿ.

"ಏನೇ ಮಾಳವಿಕಾ, ನಿಮ್ಮಮ್ಮ ಪಾಪ್ ಸಿಂಗರ್ ಅಂತೆ! ಇಷ್ಟು ವರ್ಷ ಒಂದ್ ಮಾತು ಹೇಳಿಲ್ವಲ್ಲ! ಗ್ರೂಪಲ್ಲೆಲ್ಲ ಓಡಾಡ್ತಿದೆ. ಈಗಷ್ಟೇ ಲೀಲಾಗೆ ಫೋನ್ ಮಾಡಿದ್ದೆ, ಕಟ್ ಮಾಡ್ಬಿಟ್ಳು."

ಮ್ಯೂಸಿಯಂನ ಪುಟ ತೆರೆದಳು. ನೀಲಿ ಲೇಬಲ್ಲಿನ ಚಿತ್ರದ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ನಲವತ್ತಮೂರು ವರ್ಷದ ಗುಟ್ಟು ಬಯಲು, ಹಾಡಿದವರು ಸಟನ್ ಕೋಲ್ಡ್‌ಫೀಲ್ಡಿನ ದಿವಂಗತ ಡಾಕ್ಟರ್ ಇಂದುಶೇಖರ ಅವರ ಪತ್ನಿ ಲೀಲಾವತಿ.

ಮಧ್ಯಾಹ್ನ ಕ್ಲಿನಿಕ್ಕಿನ ಕಾರ್ ಪಾರ್ಕಿಗೆ ಯಶಸ್ ಓಡುತ್ತಾ ಬಂದ. ಮುಖ ನೋಡಿದರೆ ಅವನಿಗೆ ಆಗಲೇ ವಿಷಯ ತಿಳಿದಂತಿತ್ತು.

"ಬರೆಯಲ್ಲ ಅಂದಿದ್ದೆ," ಎಂದಳು.

"ಥೀಸಿಸ್ ಡ್ರಾಫ್ಟಲ್ಲಿ ಇಟ್ಟಿದ್ದೆ ಮಾಳು. ಗೈಡ್‌ಗೆ ಮಾತ್ರ. ಬಳಸಬಾರದು ಅಂತ ಕೆಂಪಲ್ಲಿ ಬರೆದಿದ್ದೆ. ಅವರು ಅದನ್ನ ಮ್ಯೂಸಿಯಂಗೆ ಕಳಿಸಿದ್ರು, ಅಲ್ಲಿನ ಪ್ರಚಾರದವರು..."

"ಯಾಕೆ ಬರೆದೆ?"

ಅವನು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಮೂರು ವರ್ಷದಿಂದ ಹುಡುಕಿದ್ದು. ಬರೆಯದೇ ಇರಕ್ಕಾಗ್ಲಿಲ್ಲ. ಒಂದೇ ಒಂದು ಕಡೆ ಬರೆದಿಡ್ತೀನಿ, ಯಾರೂ ನೋಡಲ್ಲ ಅಂದ್ಕೊಂಡೆ."

"ಹಾಗಾದ್ರೆ ನಿಂಗೆ ಬೇಕಾಗಿದ್ದು ಅದೇ."

"ಅಲ್ಲ."

"ಅಮ್ಮ ಬೆಳಿಗ್ಗೆಯಿಂದ ನನ್ನ ಫೋನೂ ಎತ್ತಿಲ್ಲ ಯಶಸ್. ನಾನು ನಿಂಗೆ ಅವರನ್ನ ನಂಬಿ ಕೊಟ್ಟಿದ್ದೆ." ಕಿಟಕಿಯಲ್ಲಿ ರಿಸೆಪ್ಷನ್‌ನವರು ನೋಡುತ್ತಿದ್ದರು. "ಇನ್ಮೇಲೆ ಫೋನ್ ಮಾಡ್ಬೇಡ."

*

ಸಂಜೆ ಐದಕ್ಕೆ ಅಮ್ಮ ತಮ್ಮ ಕೋಣೆಯ ಬಾಗಿಲು ತೆರೆದರು. ಅಳುತ್ತಿರಲಿಲ್ಲ. ಮಂಚದ ಅಂಚಿನಲ್ಲಿ ಕೂತು, ಪಕ್ಕಕ್ಕೆ ಬಾ ಎಂದು ಹಾಸಿಗೆ ತಟ್ಟಿದರು.

"ನಾನು ಇದನ್ನ ಇಷ್ಟು ದಿನ ಹೇಳಿಲ್ಲ," ಎಂದರು. "ನಿಂಗೊಬ್ಬ ಅಣ್ಣ ಇದ್ದ ಮಾಳು."

ಮಾಳವಿಕಾಗೆ ತಾನು ತಪ್ಪು ಕೇಳಿಸಿಕೊಂಡೆ ಎನಿಸಿತು.

"ಅನಂತ. ಎಂಬತ್ತೊಂದರ ಆಗಸ್ಟಲ್ಲಿ ಹುಟ್ಟಿದ. ಆಗ ಆಸ್ಪತ್ರೆ ಕ್ವಾರ್ಟರ್ಸಲ್ಲಿದ್ವಿ. ನಿಮ್ಮಪ್ಪ ಮೂರು ದಿನಕ್ಕೊಂದ್ಸಲ ಮನೆಗೆ ಬರೋರು. ಆ ವರ್ಷ ಎಂಥಾ ಹಿಮ ಅಂತೀಯ. ಕಿಟಕಿ ಒಳಗಡೇನೂ ಮಂಜುಗಡ್ಡೆ. ನಂಗೆ ಮಾತಾಡಕ್ಕೆ ಯಾರೂ ಇಲ್ಲ. ಅವನಿಗೆ ಹಾಡ್ತಿದ್ದೆ. ನಾನೇ ಕಟ್ಟಿದ್ದು ಆ ಹಾಡು."

ಕೆಳಗಿನ ಮನೆಯಲ್ಲಿ ಪಾಲೀನ್ ಎಂಬ ನರ್ಸಿದ್ದಳು. ಅವಳ ತಮ್ಮ ಗಿಟಾರು ಬಾರಿಸುತ್ತಿದ್ದ. ಮೆಟ್ಟಿಲ ಮೇಲೆ ಕೂತು ಈ ಹಾಡು ಕೇಳಿಸಿಕೊಂಡವನು ಬಾಗಿಲು ತಟ್ಟಿ, ನಮ್ಮ ರೆಕಾರ್ಡಿನಲ್ಲಿ ಇದನ್ನು ಹಾಡ್ತೀರಾ ಎಂದು ಕೇಳಿದ. ಇಪ್ಪತ್ತಮೂರು ವರ್ಷದ ಲೀಲಾವತಿಗೆ ಆ ಊರಿನಲ್ಲಿ ಯಾರೋ ಮೊದಲ ಸಲ ಏನನ್ನೋ ಕೇಳಿದ್ದರು. ನಗುತ್ತಾ ಹೂಂ ಎಂದರು. ಗಂಡನೂ ಹೋಗಿ ಬಾ ಎಂದರು.

"ಅಂಗಡಿ ಮೇಲಿನ ಒಂದು ಕೋಣೆ. ಹೀಟರ್ ಇರ್ಲಿಲ್ಲ. ಅವನನ್ನ ಶಾಲಲ್ಲಿ ಸುತ್ತಿ ತೊಡೆ ಮೇಲೇ ಇಟ್ಕೊಂಡು ಹಾಡಿದೆ. ಎಲ್ರೂ ಚಪ್ಪಾಳೆ ಹೊಡೆದ್ರು. ಅಷ್ಟು ಖುಷಿ ನಂಗೆ ಈ ದೇಶದಲ್ಲಿ ಆಗಿರ್ಲಿಲ್ಲ." ಅಮ್ಮ ಸೆರಗಿನ ತುದಿ ಸುತ್ತುತ್ತಿದ್ದರು. "ಹದಿನೈದು ದಿನ ಆದ್ಮೇಲೆ ಒಂದು ಬೆಳಿಗ್ಗೆ ಎತ್ತಿಕೊಳ್ಳಕ್ಕೆ ಹೋದೆ. ತಣ್ಣಗಿದ್ದ."

ಮಾಳವಿಕಾ ಅಮ್ಮನ ಕೈ ಹಿಡಿದಳು. "ಅಮ್ಮ, ಅದು ಚಳಿಯಿಂದ ಆಗೋದಲ್ಲ. ಹದಿನೈದು ದಿನ ಆಗಿತ್ತಲ್ಲ. ಕಾಟ್ ಡೆತ್ ಅಂತಾರೆ, ಮಲಗಿದ್ದ ಮಗು ಹಾಗೇ ಹೋಗ್ಬಿಡೋದು, ಯಾರ ತಪ್ಪೂ..."

"ನಿಮ್ಮಪ್ಪನೂ ಡಾಕ್ಟ್ರೇ. ಅವರೂ ಇದನ್ನೇ ಹೇಳಿದ್ರು." ಲೀಲಾವತಿ ಮಗಳ ಕೈಯನ್ನು ಮೆಲ್ಲಗೆ ಸವರಿದರು. "ಒಂದಿನ ಕೂಡ ನನ್ನ ಬೈಲಿಲ್ಲ. ಹಾಡ್ಬೇಡ ಅಂತಲೂ ಅನ್ಲಿಲ್ಲ. ಹಾಡು ನಂಗೇ ಬರದೇ ಹೋಯ್ತು. ಮಾರ್ಚಲ್ಲಿ ರೆಕಾರ್ಡ್ ಬಂತು. ಬಟ್ಟೆ ಒಗೆಯೋ ಅಂಗಡೀಲಿ ರೇಡಿಯೋದಲ್ಲಿ ಬಂತು. ಒದ್ದೆ ಬಟ್ಟೆ ಮೆಷಿನಲ್ಲೇ ಬಿಟ್ಟು ಮನೆಗೆ ಬಂದ್ಬಿಟ್ಟೆ. ಈಗ ಎಲ್ರೂ ಫೋನ್ ಮಾಡಿ ಕಂಗ್ರಾಚುಲೇಷನ್ಸ್ ಅಂತಿದಾರೆ."

ಮಾಳವಿಕಾಗೆ ಕ್ಲಿನಿಕ್ಕಿನಲ್ಲಿ ಎಷ್ಟೋ ತಾಯಂದಿರಿಗೆ ಹೇಳಿದ್ದ ಮಾತುಗಳೆಲ್ಲ ನೆನಪಾದವು. ಒಂದೂ ಇಲ್ಲಿ ಕೆಲಸಕ್ಕೆ ಬರಲಿಲ್ಲ. ಅವಳು ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ತನಗೆ ಒಬ್ಬ ಅಣ್ಣ ಇದ್ದದ್ದೂ, ಇಲ್ಲವಾದದ್ದೂ ಒಂದೇ ಸಂಜೆಯಲ್ಲಿ ತಿಳಿದಿತ್ತು.

*

ಮ್ಯೂಸಿಯಂನ ಪುಟ ಆ ಸಂಜೆಯೇ ಮಾಯವಾಯಿತು. ಯಶಸ್ ಮ್ಯೂಸಿಯಂಗೆ ಹೋಗಿ, ಆ ಹೆಸರು ಎಲ್ಲಾದರೂ ಉಳಿದರೆ ತನ್ನ ಪಟ್ಟಿ, ಟಿಪ್ಪಣಿ, ಸಂಗ್ರಹ ಯಾವುದನ್ನೂ ಬಳಸುವಂತಿಲ್ಲ ಎಂದು ಬರೆದುಕೊಟ್ಟನಂತೆ. ಥೀಸಿಸ್ಸಿನ ಆ ಅಧ್ಯಾಯವನ್ನೇ ತೆಗೆದುಹಾಕಿದ. ಅವನಿಗೆಂದು ಇಟ್ಟಿದ್ದ ಕೆಲಸ ಬೇರೆಯವರ ಪಾಲಾಯಿತು. ಇದೆಲ್ಲ ಮಾಳವಿಕಾಗೆ ತಿಳಿದದ್ದು ರೆಕಾರ್ಡ್ ಅಂಗಡಿಯವನಿಂದ. ಯಶಸ್ ಫೋನು ಮಾಡಲಿಲ್ಲ. ಮಾಡಬೇಡ ಎಂದದ್ದು ತಾನೇ ಆದರೂ, ಪ್ರತಿ ಶನಿವಾರ ಅವಳ ಕೈ ಕಾರಿನ ಕೀಲಿಕೈ ಕಡೆ ಹೋಗಿ ಹಿಂದಕ್ಕೆ ಬರುತ್ತಿತ್ತು.

ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ ಬಾಗಿಲ ಬೆಲ್ಲಾಯಿತು. ತೆರೆದರೆ ಯಶಸ್. ಒಂದು ಕೈಯಲ್ಲಿ ಸೂಟ್‌ಕೇಸಿನಂಥ ರೆಕಾರ್ಡ್ ಪ್ಲೇಯರು, ಇನ್ನೊಂದರಲ್ಲಿ ಕಂದು ಕವರು. ಸೊರಗಿದ್ದ.

"ನಿನ್ನ ನೋಡಕ್ಕೆ ಬಂದಿದ್ದಲ್ಲ," ಎಂದ ನೆಲ ನೋಡುತ್ತಾ. "ಆಂಟಿ ಬರಹೇಳಿದ್ರು."

ಮಾಳವಿಕಾ ತಿರುಗಿದಳು. ಅಮ್ಮ ಹಿಂದೆಯೇ ನಿಂತಿದ್ದರು.

ಅವನು ಅವರ ಕಾಲಿಗೆರಗಲು ಬಗ್ಗಿದ. ಅವರು ತಡೆದರು. "ಅದೆಲ್ಲ ಬೇಡಪ್ಪ. ನೀನು ತಪ್ಪು ಮಾಡಿದೆ. ಸರಿ ಮಾಡಕ್ಕೂ ನೋಡಿದೀಯ. ಕೂತ್ಕೋ." ಆಮೇಲೆ, ಎಷ್ಟೋ ದಿನ ಕಾದಿಟ್ಟುಕೊಂಡವರಂತೆ ಕೇಳಿದರು. "ಅದರ ಕೊನೇಲಿ ಇದ್ಯಾ?"

"ಏನು ಆಂಟಿ?"

"ಹಾಡು ಮುಗಿದ್ಮೇಲೆ."

ಯಶಸ್ ಕವರನ್ನು ನೋಡಿದ. ಅವನ ಮುಖ ನಿಧಾನವಾಗಿ ಬದಲಾಯಿತು. "ಇದು ಮೊದಲ ಮುದ್ರಣ. ನೀಲಿ ಲೇಬಲ್. ಇದರಲ್ಲಿ ಮಾತ್ರ ಕೊನೇಲಿ ಒಂದು ಸಣ್ಣ ಸದ್ದಿದೆ. ಎರಡನೇದರಲ್ಲಿ ಬೇಗ ಮುಗಿಸಿದಾರೆ. ಸಂಗ್ರಹಕಾರರು ಅದನ್ನ ಬೆಕ್ಕು ಅಂತಾರೆ. ಬೀದಿ ಬೆಕ್ಕು ಸ್ಟುಡಿಯೋ ಒಳಗೆ..." ಮಾತು ಅಲ್ಲೇ ನಿಂತಿತು. ಮಾಳವಿಕಾ ಅವನಿಗೆ ಏನೂ ಹೇಳಿರಲಿಲ್ಲ. ಆದರೂ ಅವನು ಕೈಯಿಂದ ಬಾಯಿ ಮುಚ್ಚಿಕೊಂಡ.

"ಬೆಕ್ಕಲ್ಲ," ಎಂದರು ಲೀಲಾವತಿ. "ಹಾಕು."

ಸೋಫಾದಲ್ಲಿ ತಾಯಿ ಮಗಳು ಒತ್ತಿಕೊಂಡು ಕೂತರು. ಗಿಟಾರು, ಡ್ರಮ್ಮು, ಹುಡುಗನ ದನಿ. ಆಮೇಲೆ ಗುಬ್ಬಿಮರಿಯ ಸಾಲು. ಅಮ್ಮನ ಉಗುರು ಮಾಳವಿಕಾಳ ಅಂಗೈಗೆ ಇಳಿಯಿತು. ಹಾಡು ಕರಗಿತು. ಮೌನ. ಸೂಜಿಯ ಸಣ್ಣ ಕರಕರ.

ಆಗ ಕೇಳಿಸಿತು. ಗಂಟಲಿನ ಒಳಗಿಂದ ಹೊರಟ ಒಂದು ಪುಟ್ಟ 'ಅಗ್ಗೂ'. ಹಾಡು ಯಾಕೆ ನಿಲ್ಲಿಸಿದೆ ಎಂದು ಕೇಳುವಂತೆ ಇನ್ನೊಂದು. ಅದರ ಹಿಂದೆಯೇ ಹೆಂಗಸೊಬ್ಬಳು ತಡೆಯಲಾರದೆ ನಕ್ಕ ನಗು. ಎಳೆಯ, ನಿಶ್ಚಿಂತ ನಗು. ಮಾಳವಿಕಾ ಅಮ್ಮನ ಬಾಯಲ್ಲಿ ಎಂದೂ ಕೇಳಿರದ ನಗು.

ಲೀಲಾವತಿ ಕಣ್ಣು ಮುಚ್ಚಿಯೇ ಇದ್ದರು. ಕೆನ್ನೆ ತೋಯುತ್ತಿತ್ತು. "ಇನ್ನೊಂದ್ಸಲ," ಎಂದರು.

ಯಶಸ್ ಮತ್ತೆ ಹಾಕಿದ. ಹಾಡು ತಿರುಗುತ್ತಿದ್ದ ಅಷ್ಟು ಹೊತ್ತೂ ಅವನು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ, ಆ ಮನೆಯ ದುಃಖವನ್ನು ನೋಡುವ ಹಕ್ಕು ತನಗಿಲ್ಲವೆಂಬಂತೆ. ಆ ಬೆನ್ನನ್ನು ನೋಡುತ್ತಾ ಮಾಳವಿಕಾಳ ಸಿಟ್ಟು ಎಲ್ಲೋ ಒಂದು ಕಡೆ ಸಡಿಲವಾಯಿತು. ಹೋಗಲಿಲ್ಲ. ಸಡಿಲವಾಯಿತು ಅಷ್ಟೇ.

ಹೊರಡುವ ಮುಂಚೆ ಅವನು ರೆಕಾರ್ಡನ್ನು ಮೇಜಿನ ಮೇಲಿಟ್ಟ. "ಇದು ನಿಮ್ಮದು ಆಂಟಿ."

"ಪ್ರದರ್ಶನಕ್ಕೆ ಬೇಡ್ವಾ?"

"ಬೇಡ. ಅಲ್ಲಿ ಎರಡನೇ ಮುದ್ರಣದ ಬಿಳೀ ಲೇಬಲ್ಲಿನದು ಸಾಕು."

ಲೀಲಾವತಿ ರೆಕಾರ್ಡನ್ನು ಅವನ ಕಡೆಗೇ ಸರಿಸಿದರು. "ಇದನ್ನೇ ಇಡು. ಜನ ಕೇಳ್ಲಿ. ನನ್ನ ಹೆಸರು ಬೇಡ. ಕೊನೇಲಿ ಇರೋದು ಬೆಕ್ಕಲ್ಲ, ಅನಂತ ಅಂತ ಐದು ತಿಂಗಳ ಮಗು, ಅವನಿಗೆ ಅವನ ತಾಯಿ ಕನ್ನಡದಲ್ಲಿ ಕಟ್ಟಿದ ಹಾಡು ಇದು ಅಂತ ಬರಿ. ಅವನು ಇದ್ದ ಅನ್ನೋದು ನಮ್ಮನೆ ಬಿಟ್ರೆ ಈಗ ಯಾರಿಗೂ ಗೊತ್ತಿಲ್ಲ."

ಯಶಸ್ ತಲೆಯಾಡಿಸಿದ.

*

ನವೆಂಬರಿನ ಎರಡನೇ ಭಾನುವಾರ ಅಮ್ಮ ಹೇಳಿದರು, ಅನಂತನ ಹತ್ತಿರ ಹೋಗಬೇಕು, ಆ ಹುಡುಗನೂ ಬರಲಿ. ಊರಿನ ದಕ್ಷಿಣಕ್ಕಿದ್ದ ಹಳೆಯ ಸ್ಮಶಾನದಲ್ಲಿ ಮಕ್ಕಳಿಗೆಂದೇ ಒಂದು ಇಳಿಜಾರಿತ್ತು. ಅಮ್ಮ ದಾರಿ ಕೇಳದೆ ಮುಂದೆ ನಡೆದರು. ಮಾಳವಿಕಾ ಮತ್ತು ಯಶಸ್ ಹತ್ತು ಹೆಜ್ಜೆ ಹಿಂದೆ.

"ನಾಳೆ ಲೀಡ್ಸಿಗೆ ಹೋಗ್ತಿದೀನಿ," ಎಂದ ಅವನು. "ಅಲ್ಲಿನ ಲೈಬ್ರರೀಲಿ ಕ್ಯಾಟಲಾಗ್ ಮಾಡೋ ಕೆಲಸ. ಒಂದು ವರ್ಷ. ವೀಸಾ ಕೊಡ್ತಾರೆ."

"ಹೂಂ. ಹೇಳಿದ್ರು ಅಂಗಡಿಯವರು."

"ನಿನ್ನ ಏನೂ ಕೇಳೋ ಹಕ್ಕಿಲ್ಲ ನಂಗೆ. ಆದ್ರೆ ಬೆಂಚಿನ ಮೇಲೆ ಒಂದು ಪ್ರಶ್ನೆ ಕೇಳಿದ್ದೆ ನೀನು. ಮಳೆ ಬಂತು." ಒದ್ದೆ ಎಲೆಗಳ ಮೇಲೆ ಅವನ ಹೆಜ್ಜೆ ನಿಧಾನವಾಯಿತು. "ಮೊದಲ ಎರಡು ವಾರ ಹಾಡಿಗಾಗೇ ಬಂದೆ. ನಿಜ. ಆಮೇಲೆ ಬಂದಿದ್ದೆಲ್ಲ ನಿಂಗಾಗಿ. ಡ್ರಾಫ್ಟಲ್ಲಿ ಆ ಹೆಸರು ಬರೆದ ದಿನಾನೂ ನಿನ್ನ ಪ್ರೀತಿಸ್ತಿದ್ದೆ. ಅದಕ್ಕೇ ಅದು ಇನ್ನೂ ದೊಡ್ಡ ತಪ್ಪು."

ಮಾಳವಿಕಾಗೆ ಕಾರ್ ಪಾರ್ಕಿನ ಮಧ್ಯಾಹ್ನ ಇನ್ನೂ ನೋಯುತ್ತಿತ್ತು. ಗೋಡೆಗೆ ಮುಖ ಮಾಡಿ ನಿಂತಿದ್ದ ಬೆನ್ನೂ ಕಣ್ಣಿಗೆ ಕಟ್ಟಿತ್ತು.

ಲೀಲಾವತಿ ಒಂದು ಚಿಕ್ಕ ಕಲ್ಲಿನ ಮುಂದೆ ನಿಂತಿದ್ದರು. ಹೆಸರು, ಎರಡು ತಾರೀಖು. ಅಕ್ಕಪಕ್ಕದ ಕಲ್ಲುಗಳಿಗೆ ಪಾಚಿ ಹಿಡಿದಿದ್ದರೂ ಇದರ ಅಕ್ಷರಗಳು ಸ್ಪಷ್ಟವಾಗಿದ್ದವು.

"ನಿಮ್ಮಪ್ಪ ಬಂದು ತೊಳೀತಿದ್ರು," ಎಂದರು ಅಮ್ಮ. "ನಂಗೆ ಹೇಳ್ತಿರ್ಲಿಲ್ಲ. ಶೂಗೆ ಹತ್ತಿದ ಮಣ್ಣು ನೋಡಿ ಗೊತ್ತಾಗೋದು. ನಾನೂ ಕೇಳ್ತಿರ್ಲಿಲ್ಲ. ನಲವತ್ತು ವರ್ಷ ಇಬ್ರೂ ಒಬ್ಬರಿಗೊಬ್ಬರು ಹೇಳದೇ ಬಂದು ಹೋದ್ವಿ. ಜೊತೇಲಿ ಬಂದಿದ್ರೆ ಆಗ್ತಿತ್ತು."

ಅವರು ಮೊಣಕಾಲೂರಿ ಕೂತು, ಕಲ್ಲಿನ ಮೇಲೆ ಬಿದ್ದಿದ್ದ ಎಲೆಗಳನ್ನು ಸರಿಸಿದರು.

"ಅನಂತ, ನೋಡೋ. ನಿನ್ನ ತಂಗಿ ಬಂದಿದಾಳೆ. ಡಾಕ್ಟ್ರು. ಸಿಟ್ಟು ಸ್ವಲ್ಪ ಜಾಸ್ತಿ."

ಮಾಳವಿಕಾ ಅಮ್ಮನ ಪಕ್ಕ ಕೂತಳು. ಅಂಗೈಯನ್ನು ಕಲ್ಲಿನ ಮೇಲಿಟ್ಟಳು. ತಣ್ಣಗಿತ್ತು. ಕಣ್ಣು ಮಂಜಾಯಿತು.

ಯಶಸ್ ದೂರದಲ್ಲಿ, ಒಂದು ಮರದ ಕೆಳಗೆ, ಮೂವರ ಕೊಡೆಗಳನ್ನೂ ಹಿಡಿದು ನಿಂತಿದ್ದ.

"ಅವನೇನು ಅಲ್ಲೇ ನಿಂತ? ಬಾಪ್ಪ ಇಲ್ಲಿ," ಎಂದು ಕೂಗಿದರು ಲೀಲಾವತಿ. ಅವನು ಹತ್ತಿರ ಬಂದಾಗ ಮಗಳ ಕಡೆ ತಿರುಗಿದರು. "ಇವನನ್ನ ಯಾರು ಅಂತ ಹೇಳ್ಲಿ ಅನಂತನಿಗೆ?"

ಗಾಳಿ ಬೀಸಿತು. ಯಶಸ್ ಒದ್ದೆ ಹುಲ್ಲನ್ನು ನೋಡುತ್ತಿದ್ದ, ಏನೇ ಬಂದರೂ ಸರಿ ಎಂದು ನಿಂತವನಂತೆ.

ಮಾಳವಿಕಾ ತೋಳಿನಿಂದ ಕಣ್ಣೊರೆಸಿಕೊಂಡು ಅವನನ್ನು ನೋಡಿದಳು.

"ಯಶಸ್, ನಂಗೆ ಸರಿಯಾದ ಮಾತು ಗೊತ್ತಿಲ್ಲ. ಕನ್ನಡದಲ್ಲಿ ತಂಗಿ ಗಂಡ ಅಣ್ಣಂಗೆ ಏನಾಗ್ಬೇಕು?"

ಅವನು ತಲೆಯೆತ್ತಿದ.

"ಭಾವಮೈದುನ," ಎಂದ ಕೊನೆಗೆ.

"ಹಾಗಂತ ಹೇಳಮ್ಮ," ಎಂದಳು ಮಾಳವಿಕಾ.

ಲೀಲಾವತಿ ಕಲ್ಲಿನ ಕಡೆ ಬಾಗಿ, ಹಾಗೇ ಹೇಳಿದರು.